ಫಿಲ್ಟರ್ ಹಂಚುವ ಮುನ್ನ ನೀರು ನೋಡೋಣ

ವಾರ್ಷಿಕ ಮಹಾಸಭೆಗಳ ಕಾಲ ಬಂದಿದೆ. ಲಾಭದಲ್ಲಿರುವ ಸಂಘಗಳಲ್ಲಿ ಈ ಸಲ ಸದಸ್ಯರಿಗೆ ಏನು ಕೊಡಬೇಕು ಎಂಬ ಮಾತು ಶುರುವಾಗಿದೆ. ಒಂದು ವರ್ಷ ಸ್ಟೀಲ್ ಕ್ಯಾನು ಕೊಟ್ಟಾಯಿತು, ಇನ್ನೊಂದು ವರ್ಷ ರಬ್ಬರ್ ಮ್ಯಾಟು, ಮತ್ತೊಂದು ವರ್ಷ ಕುಕ್ಕರು. ಈಚೆಗೆ ನಾನು ಹೋದ ನಾಲ್ಕೈದು ಸಂಘಗಳಲ್ಲಿ ಕೇಳಿಬಂದ ಮಾತು ಒಂದೇ: "ಮನೆಗೊಂದು ಯುವಿ ಫಿಲ್ಟರ್ ಕೊಟ್ಟುಬಿಡೋಣ ಅಂತಿದ್ದೀವಿ ಮೇಡಂ, ನೀವೇನಂತೀರಿ?"

ನಾನು ದನದ ಡಾಕ್ಟರು. ಮನುಷ್ಯರ ಕುಡಿಯುವ ನೀರಿನ ಬಗ್ಗೆ ನನ್ನನ್ನು ಯಾಕೆ ಕೇಳಬೇಕು ಎಂದು ಮೊದಲು ಅನ್ನಿಸಿತು. ಆದರೆ ನಮ್ಮ ಉತ್ಪಾದಕರ ಮನೆಗಳಲ್ಲಿ ಕೊಟ್ಟಿಗೆ, ತಿಪ್ಪೆ, ಬೋರ್‌ವೆಲ್ಲು, ಅಡುಗೆಮನೆ ಎಲ್ಲವೂ ಐವತ್ತು ಹೆಜ್ಜೆಯೊಳಗೆ ಇರುತ್ತವೆ. ಕರುವಿನ ಭೇದಿಗೆ ಔಷಧಿ ಬರೆಯುವವಳು ಆ ಮನೆಯ ನೀರಿನ ಬಗ್ಗೆ ಸುಮ್ಮನಿರುವುದು ಸರಿಯಲ್ಲ. ಇನ್ನೊಂದು ಕಾರಣವೂ ಇದೆ. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿ, ಆಮೇಲೆ ಸಂಘಗಳ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಒಂದು ಮನೆ, ಮೂರು ಬಾಟಲಿ

ಹೋದ ಮಳೆಗಾಲದಲ್ಲಿ ಒಂದು ಮನೆಯಿಂದ ಫೋನ್ ಬಂತು. ಹತ್ತು ದಿನದ ಕರು, ಹಳದಿ ನೀರಿನಂಥ ಭೇದಿ, ಕಣ್ಣು ಒಳಗೆ ಹೋಗಿವೆ, ಏಳುತ್ತಿಲ್ಲ. ಹೋಗಿ ಡ್ರಿಪ್ ಹಾಕಿದೆ. ಮನೆಯಲ್ಲಿ ಯಜಮಾನರು ಒಬ್ಬರೇ ಇದ್ದರು. ಉಳಿದವರೆಲ್ಲ ಎಲ್ಲಿ ಎಂದು ಕೇಳಿದರೆ, ಎರಡು ವರ್ಷದ ಮೊಮ್ಮಗಳಿಗೂ ವಾಂತಿಭೇದಿ, ತಾಲ್ಲೂಕು ಆಸ್ಪತ್ರೆಯಲ್ಲಿ ಅವಳಿಗೂ ಡ್ರಿಪ್ ಹಾಕಿದ್ದಾರೆ ಎಂದರು. ಒಂದೇ ಮನೆಯಲ್ಲಿ ಒಂದೇ ದಿನ ಕರುವಿಗೂ ಮಗುವಿಗೂ ಡ್ರಿಪ್.

"ನೀರು ಕಾಯಿಸಿ ಕುಡೀತಿದ್ರಾ?" ಎಂದೆ.

"ಕಾಯ್ಸೋದ್ಯಾಕೆ ಮೇಡಂ, ಮಿಷನ್ ಐತಲ್ಲ. ನೀವೇ ಹೇಳಿ ಹಾಕ್ಸಿದ್ದು," ಎಂದರು.

ಹೌದು, ಹೇಳಿದವಳು ನಾನೇ. ಎರಡು ವರ್ಷದ ಹಿಂದೆ ಅದೇ ಮನೆಯ ಹಸುವಿಗೆ ಕೆಚ್ಚಲು ಬಾವು ನೋಡಲು ಹೋದಾಗ ಚಹಾ ಕುಡಿಯುತ್ತಾ, ಬೋರ್‌ವೆಲ್ ನೀರು ಹಾಗೇ ಕುಡಿಯಬೇಡಿ, ಒಂದು ಯುವಿ ಫಿಲ್ಟರ್ ಹಾಕಿಸಿ ಎಂದಿದ್ದೆ. ಅವರು ನನ್ನ ಮಾತು ನಂಬಿ ಹಾಕಿಸಿದ್ದರು. ಹಾಕಿಸಿದ ಮೇಲೆ ಅದನ್ನು ಹೇಗೆ ನೋಡಿಕೊಳ್ಳಬೇಕು ಎಂದು ನಾನು ಹೇಳಿರಲಿಲ್ಲ, ಅಂಗಡಿಯವರೂ ಹೇಳಿರಲಿಲ್ಲ. ಗೋಡೆಯ ಮೇಲೆ ಆ ಮಿಷನ್ನಿನ ಹಸಿರು ದೀಪ ಚೆನ್ನಾಗಿಯೇ ಉರಿಯುತ್ತಿತ್ತು.

ಮುಂದಿನ ಸಲ ಹೋಗುವಾಗ ನೀರು ಪರೀಕ್ಷೆಯ ಮೂರು ಸಣ್ಣ ಬಾಟಲಿ ತೆಗೆದುಕೊಂಡು ಹೋದೆ. ಎಚ್‌ಟುಎಸ್ ಬಾಟಲಿ ಎನ್ನುತ್ತಾರೆ. ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿ 1982ರಲ್ಲಿ ಪ್ರಕಟಿಸಿದ ಸರಳ ಪರೀಕ್ಷೆ ಇದು. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲ ಅಥವಾ ಸಗಣಿಯ ಸೋಂಕು ಇರುವ ನೀರು ಕಪ್ಪಾಗುತ್ತದೆ. ಒಂದಕ್ಕೆ ಮೇಲಿನ ಟ್ಯಾಂಕಿನ ನೀರು, ಒಂದಕ್ಕೆ ಫಿಲ್ಟರಿನ ನಲ್ಲಿಯ ನೀರು, ಒಂದಕ್ಕೆ ಅಡುಗೆಮನೆಯ ಬಿಂದಿಗೆಯ ನೀರು ತುಂಬಿದೆವು. ಎರಡು ದಿನಕ್ಕೆ ಮೂರೂ ಕಪ್ಪಾದವು.

ಮೆಕ್ಯಾನಿಕ್ಕನ್ನು ಕರೆಸಿ ಫಿಲ್ಟರ್ ಬಿಚ್ಚಿಸಿದೆವು. ದೀಪ ಹಾಕಿದ ದಿನದಿಂದ ಬದಲಾಗಿರಲಿಲ್ಲ. ದೀಪದ ಸುತ್ತಲಿನ ಕೊಳವೆಯ ಮೇಲೆ ಟೀ ಕಾಯಿಸುವ ಪಾತ್ರೆಯ ತಳದ ಹಾಗೆ ಬಿಳಿ-ಕಂದು ಪೊರೆ ಕಟ್ಟಿತ್ತು. ದೀಪ ಬದಲಿಸಿ, ಕೊಳವೆ ತೊಳೆದು, ಮತ್ತೆ ಬಾಟಲಿ ಇಟ್ಟೆವು. ಈ ಸಲ ಫಿಲ್ಟರಿನ ನಲ್ಲಿಯ ನೀರು ಕಪ್ಪಾಗಲಿಲ್ಲ. ಬಿಂದಿಗೆಯದು ಮಾತ್ರ ಮತ್ತೆ ಕಪ್ಪಾಯಿತು. ಆ ಬಿಂದಿಗೆಗೆ ಎಲ್ಲರೂ ಲೋಟ ಅದ್ದಿ ನೀರು ತೆಗೆಯುತ್ತಿದ್ದರು. ಹಾಲು ಕರೆದು ಬಂದ ಕೈ, ಕರುವಿನ ಬಾಯಿ ಒರೆಸಿದ ಕೈ, ಮಗುವಿನ ಕೈ, ಎಲ್ಲವೂ ಅದರೊಳಗೆ.

ಕರುವಿಗೂ ಮಗುವಿಗೂ ಒಂದೇ ರೋಗಾಣು ತಗುಲಿತ್ತು ಎಂದು ನಾನು ಹೇಳುತ್ತಿಲ್ಲ, ಆ ಪರೀಕ್ಷೆ ನಾವು ಮಾಡಿಸಿಲ್ಲ. ಮಗು ಹುಷಾರಾಯಿತು. ಕರು ಉಳಿಯಲಿಲ್ಲ. ಆ ಮನೆಯವರು ಎರಡು ವರ್ಷ ನೀರು ಕಾಯಿಸುವುದನ್ನು ಬಿಟ್ಟಿದ್ದು ನನ್ನ ಮಾತಿನಿಂದ. ಅರ್ಧ ಸಲಹೆ ಕೊಟ್ಟು ಬಂದದ್ದು ನನ್ನ ತಪ್ಪು.

ಕಿರಣ ಮಾಡುವ ಕೆಲಸ

ಯುವಿ ಎಂದರೆ ಅತಿನೇರಳೆ ಕಿರಣ. ಕಣ್ಣಿಗೆ ಕಾಣದ ಬೆಳಕು. ಬಿಸಿಲಿನಲ್ಲೂ ಇದೆ, ಆದರೆ ರೋಗಾಣುಗಳನ್ನು ಕೆಡಿಸುವ ಅದರ ಅತಿ ತೀಕ್ಷ್ಣ ಭಾಗವನ್ನು ಭೂಮಿಯ ಮೇಲಿನ ಓಝೋನ್ ಪದರವೇ ತಡೆಯುತ್ತದೆ. ಫಿಲ್ಟರಿನೊಳಗಿನ ದೀಪ ಆ ತೀಕ್ಷ್ಣ ಕಿರಣವನ್ನೇ ಉಂಟುಮಾಡುತ್ತದೆ. ಅದು ರೋಗಾಣುವಿನ ವಂಶವಾಹಿಯನ್ನು, ಅಂದರೆ ಡಿಎನ್‌ಎಯನ್ನು ಕೆಡಿಸುತ್ತದೆ. ಕಿರಣ ತಗುಲಿದ ರೋಗಾಣು ಮರಿ ಹಾಕಲಾರದು. ಒಂದು ಎರಡಾಗದೆ, ಎರಡು ನಾಲ್ಕಾಗದೆ ಹೊಟ್ಟೆಯಲ್ಲಿ ರೋಗ ಹುಟ್ಟುವುದಿಲ್ಲ.

ಇದು ಹೊಸದೇನಲ್ಲ. ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ 1910ರಲ್ಲೇ ಕುಡಿಯುವ ನೀರಿಗೆ ಈ ದೀಪ ಹಾಕಿದ್ದರು. ನಮ್ಮ ದೇಶಕ್ಕೆ ಹತ್ತಿರದ ಕಥೆಯೂ ಒಂದಿದೆ. 1992-93ರಲ್ಲಿ ಭಾರತ ಮತ್ತು ಬಾಂಗ್ಲಾದೇಶದಲ್ಲಿ ಹೊಸ ಬಗೆಯ ಕಾಲರಾ ಹರಡಿದಾಗ, ಅಮೆರಿಕದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಭೌತವಿಜ್ಞಾನಿ ಅಶೋಕ್ ಗಾಡ್ಗೀಳ್ ಅವರು ಹಳ್ಳಿಗಳಿಗೆಂದೇ ಒಂದು ಯುವಿ ಸಾಧನ ರೂಪಿಸಿದರು. ಅದರಲ್ಲಿ ದೀಪವನ್ನು ನೀರಿನೊಳಗೆ ಇಡದೆ, ಹರಿಯುವ ನೀರಿನ ಮೇಲೆ ತೂಗು ಹಾಕಿದ್ದರು. ನೀರು ತಾಗದ ಮೇಲೆ ಪೊರೆ ಕಟ್ಟುವ ಪ್ರಶ್ನೆ ಇಲ್ಲ. ನಿಮಿಷಕ್ಕೆ ಸುಮಾರು 15 ಲೀಟರ್ ನೀರು ಕೊಡುವ ಆ ಸಾಧನವನ್ನು ಇಡೀ ಊರಿಗೆ ಒಂದು ಎಂದು ಯೋಚಿಸಿದ್ದರು, ಮನೆಗೊಂದು ಎಂದಲ್ಲ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಹಾಲು ಉತ್ಪಾದಕರ ಮನೆಗೆ ಯುವಿ ಯಾಕೆ ಬೇಕು?

ಬೇರೆಯವರ ಮನೆಗಿಂತ ದನ ಸಾಕುವ ಮನೆಗೇ ಈ ದೀಪ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ. ಹುಟ್ಟಿ ಒಂದರಿಂದ ಮೂರು ವಾರದೊಳಗಿನ ಕರುಗಳಲ್ಲಿ ಭೇದಿಗೆ ಇದೊಂದು ಮುಖ್ಯ ಕಾರಣ. ರೋಗ ಬಂದ ಒಂದು ಕರು ತನ್ನ ಸಗಣಿಯಲ್ಲಿ ಇದರ ಕೋಟ್ಯಂತರ ಕಣಗಳನ್ನು ಹೊರಹಾಕುತ್ತದೆ. ಪ್ರತಿ ಕಣಕ್ಕೂ ಗಟ್ಟಿ ಕವಚ ಇರುತ್ತದೆ. ಕೆಲವೇ ಕಣಗಳು ಹೊಟ್ಟೆಗೆ ಹೋದರೂ ಮನುಷ್ಯರಿಗೆ ಭೇದಿ ಶುರುವಾಗಬಹುದು. ಸಣ್ಣ ಮಕ್ಕಳಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಪ್ರಾಣಕ್ಕೇ ಎರವಾಗಬಲ್ಲದು.

ಈ ಕವಚಕ್ಕೆ ಕ್ಲೋರಿನ್ ತಾಗುವುದಿಲ್ಲ. ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯ ಪ್ರಮಾಣದಲ್ಲಿ ಅದು ಆರಾಮವಾಗಿ ಬದುಕಿರುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಇದೇ ಪರಾವಲಂಬಿ ನಗರದ ನಲ್ಲಿ ನೀರಿಗೆ ಸೇರಿ ಸುಮಾರು 4 ಲಕ್ಷ ಜನರಿಗೆ ಭೇದಿಯಾಯಿತು ಎಂಬ ಅಂದಾಜಿದೆ. ಅದು ಕ್ಲೋರಿನ್ ಹಾಕಿ ಬಿಡುತ್ತಿದ್ದ ನೀರೇ. ಯುವಿ ಕಿರಣವೂ ಈ ಕವಚದ ಮುಂದೆ ಸೋಲುತ್ತದೆ ಎಂದೇ ಬಹಳ ಕಾಲ ತಿಳಿದಿದ್ದರು. 1990ರ ದಶಕದ ಕೊನೆಯ ಪ್ರಯೋಗಗಳಲ್ಲಿ ಅದು ತಪ್ಪೆಂದು ಗೊತ್ತಾಯಿತು. ಕಿರಣ ಕವಚ ಒಡೆಯುವುದಿಲ್ಲ, ಆದರೆ ಕವಚ ದಾಟಿ ಒಳಗಿನದನ್ನು ಕೆಡಿಸುತ್ತದೆ. ಅದಕ್ಕೆ ಬೇಕಾದ ಕಿರಣವೂ ಕಡಿಮೆ. ಚದರ ಸೆಂಟಿಮೀಟರಿಗೆ 12 ಮಿಲಿಜೂಲ್ ಬಿದ್ದರೆ ಸಾವಿರಕ್ಕೆ 999 ಕಣಗಳು ನಿಷ್ಕ್ರಿಯ. ಒಳ್ಳೆಯ ಮನೆ ಫಿಲ್ಟರುಗಳನ್ನು 40 ಮಿಲಿಜೂಲ್ ಲೆಕ್ಕದಲ್ಲಿ ಮಾಡುತ್ತಾರೆ.

ನೀರನ್ನು ಕುದಿಸಿದರೂ ಈ ಕಣಗಳು ಸಾಯುತ್ತವೆ. ಕುದಿ ಬಂದು ಒಂದು ನಿಮಿಷ ಮರಳಿದರೆ ಸಾಕು. ಆದರೆ ದಿನವೂ ಮನೆಮಂದಿಗೆಲ್ಲ ಸಾಕಾಗುವಷ್ಟು ನೀರು ಕುದಿಸುವುದು, ಆರಿಸುವುದು, ಅದಕ್ಕೆ ಗ್ಯಾಸ್ ಅಥವಾ ಸೌದೆ ಹೊಂದಿಸುವುದು, ಎಲ್ಲವೂ ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವ ಹೆಣ್ಣುಮಕ್ಕಳ ಹೆಗಲಿಗೇ ಬೀಳುತ್ತದೆ. ಒಂದೆರಡು ಎಲ್‌ಇಡಿ ಬಲ್ಬಿನಷ್ಟು ಕರೆಂಟಿನಲ್ಲಿ ಆ ಕೆಲಸ ಮುಗಿಸುವ ಯಂತ್ರವನ್ನು ನಾನು ಯಾಕೆ ಬೇಡವೆನ್ನಲಿ?

ದೀಪ ಉರಿದರೆ ಸಾಲದು

ಹಾಲಿಗೂ ಈ ದೀಪ ತೋರಿಸಿ ರೋಗಾಣು ಕೊಲ್ಲಬಹುದಲ್ಲ, ಡೇರಿಯಲ್ಲಿ ಯಾಕೆ ಕಾಯಿಸುತ್ತಾರೆ ಎಂದು ಒಬ್ಬ ಯುವ ಉತ್ಪಾದಕರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಹಾಲಿನ ಮೂಲಕ ಬೆಳಕು ತೂರುವುದಿಲ್ಲ. ಮೇಲಿನ ತೆಳು ಪದರಕ್ಕೆ ತಗುಲಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಪಾಶ್ಚರೀಕರಿಸುತ್ತೇವೆ. ಮಳೆಗಾಲದಲ್ಲಿ ನಮ್ಮ ಬಾವಿ, ಕೆರೆ ಪಕ್ಕದ ಬೋರ್‌ವೆಲ್ಲುಗಳಿಂದ ಬರುವ ಕೆಂಪು ನೀರೂ ಹಾಲಿನ ಹಾಗೆಯೇ. ಮಣ್ಣಿನ ಕಣದ ಮರೆಯಲ್ಲಿ ಕೂತ ರೋಗಾಣುವಿಗೆ ಕಿರಣ ತಾಗುವುದಿಲ್ಲ. ನೀರು ತಿಳಿಯಾಗಿದ್ದರೆ ಮಾತ್ರ ಯುವಿ ಕೆಲಸ ಮಾಡುತ್ತದೆ. ಅದಕ್ಕಾಗಿ ದೀಪಕ್ಕಿಂತ ಮುಂಚೆ ಮಣ್ಣು ಹಿಡಿಯುವ ಕ್ಯಾಂಡಲ್ ಇರುತ್ತದೆ. ಅದು ಕಂದಾದಾಗ ಬದಲಿಸಬೇಕು.

ಎರಡನೆಯದು ಕೊಳವೆಯ ಪೊರೆ. ಸಾಮಾನ್ಯ ಗಾಜಿನ ಮೂಲಕ ಈ ಕಿರಣ ಹಾಯುವುದಿಲ್ಲ. ಹಾಗಾಗಿ ದೀಪದ ಸುತ್ತ ಕ್ವಾರ್ಟ್ಜ್ ಎಂಬ ವಿಶೇಷ ಗಾಜಿನ ಕೊಳವೆ ಹಾಕಿರುತ್ತಾರೆ. ಗಡಸು ನೀರು, ಕಬ್ಬಿಣದ ಅಂಶವಿರುವ ನೀರು ಹರಿದರೆ ಅದರ ಮೇಲೆ ಪೊರೆ ಕಟ್ಟುತ್ತದೆ. ಬಕೆಟ್ಟಿಗೆ, ಸ್ನಾನದ ಹಂಡೆಗೆ ಬಿಳಿ ಸುಣ್ಣ ಕಟ್ಟುವ ನೀರು ನಿಮ್ಮದಾದರೆ, ಆ ಕೊಳವೆಗೂ ಕಟ್ಟುತ್ತಿದೆ ಎಂದೇ ತಿಳಿಯಿರಿ. ಕೆಲವು ತಿಂಗಳಿಗೊಮ್ಮೆ ಮೆಕ್ಯಾನಿಕ್ ಬಂದು ಅದನ್ನು ತೊಳೆಯಬೇಕು.

ಮೂರನೆಯದು ದೀಪದ ವಯಸ್ಸು. ಸಾಮಾನ್ಯವಾಗಿ ಈ ದೀಪಗಳ ಆಯಸ್ಸು 8000ದಿಂದ 9000 ಗಂಟೆ. ಸದಾ ಉರಿದರೆ ಒಂದು ವರ್ಷ. ಆಮೇಲೂ ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಆದರೆ ಆ ನೀಲಿ ಬೆಳಕು ರೋಗಾಣು ಕೊಲ್ಲುವ ಕಿರಣವಲ್ಲ. ಕೊಲ್ಲುವ ಕಿರಣ ಕಾಣುವುದೇ ಇಲ್ಲ. ಅದು ಎಷ್ಟು ಕಡಿಮೆಯಾಗಿದೆ ಎಂದು ಕಣ್ಣಿನಿಂದ ಹೇಳಲಾಗದು. ಕೃತಕ ಗರ್ಭಧಾರಣೆಯ ನೈಟ್ರೋಜನ್ ಕಂಟೇನರ್ ನೀವೆಲ್ಲ ನೋಡಿದ್ದೀರಿ. ನೈಟ್ರೋಜನ್ ಆರಿಹೋದರೆ ಹೊರಗಿನಿಂದ ಕಂಟೇನರ್ ಹಾಗೆಯೇ ಇರುತ್ತದೆ, ಸ್ಟ್ರಾಗಳೂ ಹಾಗೆಯೇ ಇರುತ್ತವೆ, ಹಸು ಮಾತ್ರ ಗಬ್ಬ ಆಗುವುದಿಲ್ಲ. ಅದಕ್ಕೇ ಕಾರ್ಯಕರ್ತರು ಕಡ್ಡಿ ಅದ್ದಿ ಮಟ್ಟ ನೋಡುತ್ತಾರೆ. ಯುವಿ ದೀಪಕ್ಕೆ ಅಂಥ ಕಡ್ಡಿ ಇಲ್ಲ. ತಾರೀಕು ಬರೆದಿಟ್ಟು, ವರ್ಷಕ್ಕೊಮ್ಮೆ ಬದಲಿಸುವುದೊಂದೇ ದಾರಿ. ಅದರ ಬೆಲೆ ಒಂದು ಮೂಟೆ ಪಶು ಆಹಾರಕ್ಕಿಂತ ಕಡಿಮೆ.

ನಾಲ್ಕನೆಯದು ಕರೆಂಟು. ಕರೆಂಟಿಲ್ಲದಾಗ ನೀರು ನಿಲ್ಲಿಸುವ ವ್ಯವಸ್ಥೆ ಇರುವ ಫಿಲ್ಟರನ್ನೇ ಕೊಳ್ಳಬೇಕು. ಇಲ್ಲದಿದ್ದರೆ ದೀಪವಿಲ್ಲದೆ ನೀರು ಹಾಗೇ ಹರಿದು ಬರುತ್ತದೆ, ಕುಡಿದವರಿಗೆ ಗೊತ್ತೇ ಆಗುವುದಿಲ್ಲ.

ಕಿರಣಕ್ಕೆ ನಿಲುಕದ್ದು

ಯುವಿ ಬೆಳಕು ನೀರಿನಿಂದ ಏನನ್ನೂ ತೆಗೆಯುವುದಿಲ್ಲ. ಉಪ್ಪು, ಫ್ಲೋರೈಡ್, ನೈಟ್ರೇಟ್, ಕೀಟನಾಶಕ, ಎಲ್ಲವೂ ಇದ್ದಷ್ಟೇ ಇರುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಏನೆಂದು ಹೇಳಬೇಕಿಲ್ಲ. ಹಲ್ಲಿನ ಕಂದು ಗೆರೆ, ಬಾಗಿದ ಮಂಡಿ ಊರೂರಲ್ಲಿ ಕಾಣುತ್ತವೆ. ಅಂಥ ನೀರಿಗೆ ಯುವಿ ದೀಪ ಹಾಕಿ ಸಮಾಧಾನ ಪಡುವುದು ಅಪಾಯ.

ನೈಟ್ರೇಟ್ ನಮ್ಮದೇ ಕೊಟ್ಟಿಗೆಯ ಸಮಸ್ಯೆ. ತಿಪ್ಪೆಯಿಂದ, ಗಂಜಲದ ಗುಂಡಿಯಿಂದ, ಹೊಲಕ್ಕೆ ಸುರಿದ ಯೂರಿಯಾದಿಂದ ಅದು ನೆಲಕ್ಕೆ ಇಳಿದು ಅಂತರ್ಜಲ ಸೇರುತ್ತದೆ. ಬರಗಾಲದಲ್ಲಿ ಬಾಡಿದ ಎಳೆ ಜೋಳದ ಮೇವು ತಿಂದು ಹಸು ಏದುಸಿರು ಬಿಡುತ್ತಾ ಬಿದ್ದಾಗ ಅದರ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿರುವುದನ್ನು ಕೆಲವರು ನೋಡಿರಬಹುದು. ಅದು ನೈಟ್ರೇಟ್ ವಿಷ. ಮೇವಿನ ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರಲಾಗದ ಹಾಗೆ ಮಾಡುತ್ತದೆ. ಆರು ತಿಂಗಳೊಳಗಿನ ಕೂಸಿಗೆ ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆಗುವುದೂ ಇದೇ. ಕೂಸಿನ ತುಟಿ, ಉಗುರು ನೀಲಿಯಾಗುತ್ತವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಇದಕ್ಕೆ ಯಾವ ವಿನಾಯಿತಿಯೂ ಇಲ್ಲ. ಯುವಿ ಇದನ್ನು ಮುಟ್ಟುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ.

ನಾನು ಹೇಳಿದ ಆ ಮನೆಯ ಬೋರ್‌ವೆಲ್ ನೀರಿಗೆ ಕಿಟ್ಟಿನಲ್ಲಿ ನೈಟ್ರೇಟ್ ಪರೀಕ್ಷೆ ಮಾಡಿದಾಗ ಬಣ್ಣ ಮಿತಿ ದಾಟಿತ್ತು. ತಿಪ್ಪೆ ಬೋರ್‌ವೆಲ್ಲಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಈಗ ಅವರು ಕುಡಿಯಲು ಪಂಚಾಯಿತಿಯ ನಲ್ಲಿ ನೀರು ಹಿಡಿದು ಅದನ್ನು ಫಿಲ್ಟರಿಗೆ ಹಾಕುತ್ತಾರೆ, ಬೋರ್‌ವೆಲ್ ನೀರು ಬಟ್ಟೆ-ಪಾತ್ರೆಗೆ. ತಿಪ್ಪೆ ಹಿತ್ತಲ ಆಚೆಗೆ ಹೋಗಿದೆ.

ಹಾಗಾದರೆ ಎಲ್ಲರಿಗೂ ಆರ್‌ಒ ಕೊಡೋಣವೇ? ಉಪ್ಪು, ಫ್ಲೋರೈಡ್, ನೈಟ್ರೇಟ್ ಹೆಚ್ಚಿರುವ ಕಡೆ ಆರ್‌ಒ ಬೇಕು, ನಿಜ. ಆದರೆ ಸಾಮಾನ್ಯ ಮನೆ ಆರ್‌ಒ ಒಂದು ಲೀಟರ್ ಕೊಡಲು ಅದಕ್ಕಿಂತ ಹೆಚ್ಚು ನೀರು ಹೊರಗೆ ಬಿಡುತ್ತದೆ. ಸಾವಿರ ಅಡಿ ಕೊರೆದು ತೆಗೆದ ನೀರನ್ನು ಚರಂಡಿಗೆ ಬಿಡುವುದು ಯಾವ ನ್ಯಾಯ? ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ಕೊಟ್ಟದ್ದು ಇದೇ ಕಾರಣಕ್ಕೆ. ನೀರು ಸಿಹಿಯಾಗಿದ್ದು ರೋಗಾಣುವಿನ ಭಯ ಮಾತ್ರ ಇರುವ ಕಡೆ ಯುವಿಯೇ ಸರಿ. ಯಾವ ಮನೆಗೆ ಯಾವುದು ಎಂದು ನಿರ್ಧರಿಸಬೇಕಾದ್ದು ನೀರಿನ ಪರೀಕ್ಷೆ.

ಯಂತ್ರ ದಾಟಿದ ಮೇಲೆ

ಕ್ಲೋರಿನ್ ನೀರಿನಲ್ಲೇ ಉಳಿದು ಕಾವಲು ಕಾಯುತ್ತದೆ. ಯುವಿ ಹಾಗಲ್ಲ. ದೀಪದ ಮುಂದೆ ಹಾದುಹೋದ ಆ ಕ್ಷಣಕ್ಕಷ್ಟೇ ಅದರ ಕೆಲಸ. ಹೊರಗೆ ಬಂದ ನೀರಿಗೆ ಯಾವ ರಕ್ಷಣೆಯೂ ಇಲ್ಲ. ಸಾಲದ್ದಕ್ಕೆ ಹೆಚ್ಚಿನ ಫಿಲ್ಟರುಗಳಲ್ಲಿರುವ ಇದ್ದಿಲಿನ ಭಾಗ ಪಂಚಾಯಿತಿ ನೀರಿನಲ್ಲಿದ್ದ ಕ್ಲೋರಿನ್ನನ್ನೂ ಹೀರಿಕೊಂಡಿರುತ್ತದೆ. ಹಾಗಾಗಿ ನೀರನ್ನು ನಲ್ಲಿ ಇರುವ, ಮುಚ್ಚಳ ಬಿಗಿಯಾದ ಪಾತ್ರೆಗೆ ಹಿಡಿಯಬೇಕು. ಲೋಟ ಅದ್ದಬಾರದು. ಆ ದಿನದ ನೀರು ಆ ದಿನವೇ ಮುಗಿಯಬೇಕು. ಪಾತ್ರೆಯನ್ನು ದಿನವೂ ತೊಳೆದು ಬಿಸಿಲಿಗೆ ಒಣಗಿಸಬೇಕು. ಹಾಲಿನ ಕ್ಯಾನಿಗೆ ನೀವು ಮಾಡುವುದನ್ನೇ ನೀರಿನ ಪಾತ್ರೆಗೂ ಮಾಡಿ ಎನ್ನುತ್ತಿದ್ದೇನೆ, ಅಷ್ಟೇ.

ಇನ್ನು ದನಗಳ ನೀರು. ಹಾಲು ಕೊಡುವ ಮಿಶ್ರತಳಿ ಹಸು ದಿನಕ್ಕೆ 60ರಿಂದ 100 ಲೀಟರ್ ಕುಡಿಯುತ್ತದೆ. ಮನೆಯ ಯುವಿ ಫಿಲ್ಟರ್ ನಿಮಿಷಕ್ಕೆ ಒಂದೆರಡು ಲೀಟರ್ ಕೊಡುವುದು. ಅದು ಕೊಟ್ಟಿಗೆಗೆ ಆಗುವ ಮಾತಲ್ಲ. ಕೊಟ್ಟಿಗೆಯ ಟ್ಯಾಂಕಿಗೆ ಬ್ಲೀಚಿಂಗ್ ಪುಡಿಯೇ ಸಾಕು. 1000 ಲೀಟರಿಗೆ 2.5 ಗ್ರಾಂ ಹೊಸ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಗಷ್ಟು ತಳಕ್ಕೆ ಇಳಿದ ಮೇಲೆ ತಿಳಿಯನ್ನು ಟ್ಯಾಂಕಿಗೆ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ತೊಟ್ಟಿಯ ಪಾಚಿ ಉಜ್ಜಿ ವಾರಕ್ಕೊಮ್ಮೆ ಸುಣ್ಣ ಬಳಿಯಿರಿ. ಕೆಚ್ಚಲು ತೊಳೆಯಲು, ಕ್ಯಾನ್ ತೊಳೆಯಲು ಈ ಟ್ಯಾಂಕಿನ ನೀರನ್ನೇ ಬಳಸಿ. ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ನಿಮ್ಮ ಹಾಲಿನ ನೀಲಿ ಬಣ್ಣ ಬೇಗ ಹೋಗುತ್ತಿದ್ದರೆ, ಕ್ಯಾನ್ ತೊಳೆದ ನೀರನ್ನೂ ಅನುಮಾನಿಸಿ.

ಫಿಲ್ಟರ್ ಕೊಳ್ಳುವ ಶಕ್ತಿ ಇಲ್ಲದ ಮನೆಗಳಿಗೆ ಬಿಸಿಲೂ ಇದೆ. ತಿಳಿ ನೀರನ್ನು ಬಣ್ಣವಿಲ್ಲದ ಎರಡು ಲೀಟರೊಳಗಿನ ಪೆಟ್ ಬಾಟಲಿಯಲ್ಲಿ ತುಂಬಿ, ಮಾಳಿಗೆಯ ಮೇಲೆ ಒಳ್ಳೆಯ ಬಿಸಿಲಿನಲ್ಲಿ ಆರು ಗಂಟೆ ಮಲಗಿಸಿಟ್ಟರೆ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಮೋಡ ಕವಿದಿದ್ದರೆ ಎರಡು ದಿನ ಇಡಬೇಕು. ಮಳೆ ಹಿಡಿದ ದಿನ ಕುದಿಸುವುದೇ ಸರಿ.

ಸಂಘಗಳಿಗೆ ನನ್ನ ಮಾತು

ಒಬ್ಬ ನಿರ್ದೇಶಕರು ನನಗೆ ನೇರವಾಗಿಯೇ ಹೇಳಿದರು: "ಮೇಡಂ, ಸದಸ್ಯರಿಗೆ ಕೈಗೆ ಸಿಗೋ ವಸ್ತು ಬೇಕು. ನೀರ್ ಟೆಸ್ಟ್ ಮಾಡಿಸಿದ್ವಿ ಅಂದ್ರೆ ಯಾರ್ ಚಪ್ಪಾಳೆ ಹೊಡೀತಾರೆ?" ಅವರ ಮಾತಿನಲ್ಲಿ ನಿಜವಿದೆ. ಸದಸ್ಯರ ಹಣ ಸದಸ್ಯರ ಮನೆಗೆ ಹೋಗಿದ್ದು ಕಾಣಬೇಕು. ಆದರೆ ಮೂರನೆಯ ವರ್ಷಕ್ಕೆ ಗೋಡೆಯ ಮೇಲೆ ಸತ್ತ ದೀಪವಿಟ್ಟುಕೊಂಡ ಇನ್ನೂರು ಮನೆಗಳನ್ನು ಯೋಚಿಸಿ. ಫಿಲ್ಟರ್ ಇಲ್ಲದ ಮನೆಯವರು ಅನುಮಾನದಿಂದಲಾದರೂ ನೀರು ಕಾಯಿಸುತ್ತಾರೆ. ಕೆಟ್ಟ ಫಿಲ್ಟರ್ ಇರುವ ಮನೆಯವರು ಧೈರ್ಯವಾಗಿ ಹಸಿನೀರು ಕುಡಿಯುತ್ತಾರೆ, ಮಕ್ಕಳಿಗೂ ಕುಡಿಸುತ್ತಾರೆ. ಆ ಮನೆಯಲ್ಲಿ ನಾನು ಕಂಡದ್ದು ಇದನ್ನೇ.

ಆದ್ದರಿಂದ ಫಿಲ್ಟರ್ ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಈ ಕ್ರಮದಲ್ಲಿ ಕೊಡಿ ಎನ್ನುತ್ತೇನೆ.

ಮೊದಲು ನೀರಿನ ಪರೀಕ್ಷೆ. ಜಲ ಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ, ಊರಿನ ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆಯೂ ಅದರಲ್ಲಿದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳೂ ಇವೆ. ಊರಿನ ಎಲ್ಲ ಕುಡಿಯುವ ನೀರಿನ ಮೂಲಗಳ ಟಿಡಿಎಸ್, ಗಡಸುತನ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ರೋಗಾಣು ಪರೀಕ್ಷೆಯ ಫಲಿತಾಂಶವನ್ನು ಸಂಘದ ಫಲಕದಲ್ಲಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ದರಪಟ್ಟಿಯ ಪಕ್ಕದಲ್ಲೇ ಹಾಕಿ. ಎಚ್‌ಟುಎಸ್ ಬಾಟಲಿ ಕಪ್ಪಾಗದಿದ್ದರೆ ನೀರು ಪೂರ್ತಿ ಶುದ್ಧ ಎಂದು ತಿಳಿಯಬೇಡಿ. ಕ್ರಿಪ್ಟೊಸ್ಪೊರಿಡಿಯಂ ಅದರಲ್ಲಿ ಗೊತ್ತಾಗುವುದಿಲ್ಲ.

ಎರಡನೆಯದು ತಿಪ್ಪೆ. ಬಾವಿ, ಬೋರ್‌ವೆಲ್ಲಿನಿಂದ ತಿಪ್ಪೆ, ಗಂಜಲದ ಗುಂಡಿ, ಶೌಚಗುಂಡಿ ಕನಿಷ್ಠ 50 ಅಡಿ ದೂರ ಇರಬೇಕು, ಇಳಿಜಾರಿನ ಕೆಳಗೆ ಇರಬೇಕು. ಬೋರ್‌ವೆಲ್ ಸುತ್ತ ಸಿಮೆಂಟ್ ಕಟ್ಟೆ ಇರಬೇಕು. ಇಷ್ಟು ಮಾಡಿಕೊಂಡ ಮನೆಗೆ ಮೊದಲು ಫಿಲ್ಟರ್ ಎಂದು ಸಂಘ ನಿಯಮ ಮಾಡಬಹುದು.

ಮೂರನೆಯದು ಮುಂದಿನ ವರ್ಷಗಳ ಹಣ. ಈ ವರ್ಷ ನೂರು ಫಿಲ್ಟರ್ ಕೊಡುವ ಬದಲು ಅರವತ್ತು ಕೊಡಿ, ಉಳಿದ ಹಣವನ್ನು ದೀಪ, ಕ್ಯಾಂಡಲ್ ಬದಲಿಸಲು ತೆಗೆದಿಡಿ. ದೀಪಗಳನ್ನು ಸಂಘವೇ ಒಟ್ಟಿಗೆ ತರಿಸಲಿ. ಪ್ರತಿ ಯುಗಾದಿಗೆ ಎಲ್ಲ ಮನೆಯ ದೀಪ ಬದಲು ಎಂದು ಗೊತ್ತುಮಾಡಿದರೆ ತಾರೀಕು ನೆನಪಿಡುವ ತೊಂದರೆಯೂ ಇಲ್ಲ. ಹಳೆಯ ದೀಪಗಳಲ್ಲಿ ಪಾದರಸವಿರುತ್ತದೆ. ಅವು ತಿಪ್ಪೆಗೆ ಬೀಳಬಾರದು, ಸಂಘವೇ ವಾಪಸು ಪಡೆದು ಮಾರಿದವರಿಗೆ ಹಿಂತಿರುಗಿಸಬೇಕು. ಉರಿಯುತ್ತಿರುವ ದೀಪವನ್ನು ಹೊರಗೆ ತೆಗೆದು ಯಾರೂ ನೋಡಬಾರದು, ಕಣ್ಣು ಸುಡುತ್ತದೆ.

ನಾಲ್ಕನೆಯದು, ಮನೆಗೊಂದು ಫಿಲ್ಟರ್ ನೋಡಿಕೊಳ್ಳುವುದು ಕಷ್ಟ ಎನ್ನುವ ಊರಿಗೆ ನನ್ನ ಸಲಹೆ: ಊರಿಗೊಂದು ಯುವಿ ಘಟಕ ಡೇರಿಯಲ್ಲೇ ಇರಲಿ. ಬಿಎಂಸಿ ಇರುವ ಸಂಘದಲ್ಲಿ ಜನರೇಟರ್ ಇದೆ, ದಿನಕ್ಕೆರಡು ಸಲ ಬಾಗಿಲು ತೆಗೆಯುತ್ತದೆ, ಲೆಕ್ಕ ಬರೆಯುವ ಕಾರ್ಯದರ್ಶಿ ಇದ್ದಾರೆ. ಗಾಡ್ಗೀಳರು ಯೋಚಿಸಿದ್ದೂ ಇಂಥ ವ್ಯವಸ್ಥೆಯನ್ನೇ. ಹಾಲು ಹಾಕಲು ಬಂದವರು ಬೇರೆ ಕ್ಯಾನಿನಲ್ಲಿ ನೀರು ಒಯ್ಯಲಿ. ಡೇರಿಯಿಂದ ನೀರು ಹೊರಗೆ ಹೋದರೆ ಚಿಂತೆಯಿಲ್ಲ, ಒಳಗೆ ಬರುವುದಷ್ಟೇ ಬೇಡ!

ಆ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ, ಇನ್ನೊಂದು ಹಸು ಕರು ಹಾಕಿತ್ತು. ಅಡುಗೆಮನೆಯ ಫಿಲ್ಟರಿನ ಮೇಲೆ ಮೊಮ್ಮಗಳ ಶಾಲೆಯ ಪುಸ್ತಕದ ಲೇಬಲ್ ಅಂಟಿಸಿದ್ದರು. ಅದರ ಮೇಲೆ ಪೆನ್ನಿನಲ್ಲಿ ದೀಪ ಬದಲಿಸಿದ ತಾರೀಕು, ಮುಂದೆ ಬದಲಿಸಬೇಕಾದ ತಾರೀಕು. ಮಹಾಸಭೆಯಲ್ಲಿ ಫಿಲ್ಟರ್ ಹಂಚುವ ಸಂಘಗಳು ಪ್ರತಿ ಫಿಲ್ಟರಿನ ಜೊತೆ ಅಂಥದೊಂದು ಚೀಟಿಯನ್ನೂ, ಅದರಲ್ಲಿ ಬರೆದ ತಾರೀಕಿಗೆ ಬೇಕಾದ ದೀಪವನ್ನೂ ಕೊಡುವುದಾದರೆ, ನನ್ನ ಒಪ್ಪಿಗೆ ಇದೆ.